ಊರು ಎಣಿಸುವ ಮಾಮಾ

ಅಕ್ಕಲಕೋಟದಲ್ಲಿ ಯಾರೇ ಹುಟ್ಟಲಿ, ಯಾರೇ ಸಾಯಲಿ, ನಮ್ಮ ಮಾಮಾ ಬರೆದುಕೊಳ್ಳುವವರೆಗೆ ಅದು ಊರ್ಜಿತವಲ್ಲ! ಹೀಗೆಂದು ನಾನು ಹೇಳುತ್ತಿಲ್ಲ. ಮಾಮಾ ಹಾಗೆ ನಂಬಿದ್ದಾರೆ.

ಮಾಮಾ ಸಂಸ್ಥಾನದ ದಫ್ತರದಲ್ಲಿ ಕಾರಕೂನರಾಗಿದ್ದರು. ಸಂಸ್ಥಾನ ವಿಲೀನವಾಯಿತು; ಮಾಮಾ ಮಾತ್ರ ಆಗಲಿಲ್ಲ. ಕರಿ ಶಾಯಿಯದೊಂದು, ಕೆಂಪು ಶಾಯಿಯದೊಂದು ದೌತಿ ಹಿಡಿದು ಮನೆಗೆ ಬಂದವರೇ ದಪ್ಪನೆಯ ವಹಿಯೊಂದರಲ್ಲಿ ಊರಿನ ಭೂಗೋಳ, ಇತಿಹಾಸ, ಜನಸಂಖ್ಯೆ ಬರೆಯಲು ಕುಳಿತರು.

ಇತಿಹಾಸದಲ್ಲಿ ರಾಜರಿಗೆ ತಲಾ ಎರಡು ಸಾಲು. ಬಾವಿಗೆ ಬಿದ್ದ ಎಮ್ಮೆಗೆ ಎರಡು ಪುಟ! ಇದು ಯಾವ ನ್ಯಾಯ ಎಂದು ನಾನು ಕೇಳಿದೆ.

“ರಾಜರು ಒಬ್ಬರ ಹಿಂದೊಬ್ಬರು ಬರ್ತಾನ ಇರ್ತಾರ ತಂಗಿ. ಬಾವ್ಯಾಗಿಂದ ಎಮ್ಮಿ ಜೀವಂತ ಮ್ಯಾಲ ಬಂದದ್ದು ಒಂದ ಸಲ!”

ಆದರೆ ಅವರ ಜೀವ ಇದ್ದದ್ದು ಜನಸಂಖ್ಯೆಯಲ್ಲಿ. ಬಾಣಂತನಕ್ಕೆ ತವರಿಗೆ ಬಂದ ಮಗಳು ಅವರ ಲೆಕ್ಕದಲ್ಲಿ ಪಾಹುಣಿ, ಅಂದರೆ ಅತಿಥಿ. ಅವಳಿಗೆ ಇಲ್ಲಿ ಹುಟ್ಟಿದ ಕೂಸು ಮಾತ್ರ ಊರಿನದು! ಐದು ತಿಂಗಳಾದ ಮೇಲೆ ತಾಯಿ ಕೂಸನ್ನೆತ್ತಿಕೊಂಡು ಹೊರಟರೆ ಊರಿಗೆ ಒಂದು ಜೀವ ಕಡಿಮೆಯಾಯಿತೆಂದು ಇವರ ಮುಖ ಬಾಡುತ್ತಿತ್ತು.

“ಕೂಸು ನಮ್ಮೂರಿಂದು” ಎಂದು ಇವರು ಪಕ್ಕದ ಮನೆಯಲ್ಲಿ ವಾದಿಸಿದಾಗ ಅಲ್ಲಿಯ ಅಜ್ಜಿ, “ಹಂಗಾದ್ರ ಹಾಲೂ ಊರವರ ಕುಡಸ್ರಿ!” ಎಂದು ಕೂಸನ್ನು ಇವರ ಮಡಿಲಿಗೇ ಹಾಕಿದಳು. ಕೂಸು ಧೋತರವನ್ನು ತೋಯಿಸಿ ತನ್ನ ಅಭಿಪ್ರಾಯವನ್ನೂ ತಿಳಿಸಿತು.

ಊರು ಬಿಟ್ಟವರಿಗೆ ಒಂದೇ ನಿಯಮ: ಹಾಸಿಗೆ ಊರಬಾಗಿಲಾದ ಅಗಸಿ ದಾಟಿದರೆ ಮನುಷ್ಯ ದಾಟಿದಂತೆ. ಹೆಸರಿನ ಮೇಲೆ ಕೆಂಪು ಗೆರೆ! ಗಂಡನ ಮನೆಗೆ ಹೊರಟ ಹುಡುಗಿಯ ಸುತ್ತ ಎಲ್ಲರೂ ಅಳುತ್ತಿದ್ದರೆ ಇವರು ಗಾಡಿಯೊಳಗೆ ಇಣುಕಿ ಗಾದಿ ಇದೆಯೇ ಎಂದು ನೋಡುತ್ತಿದ್ದರು. “ಯಮನ ಕಡಿ ಕಾರಕೂನ ಬಂದ ನೋಡ್ರಿ!” ಎಂದು ಹೆಂಗಸರು ಬೈಯುತ್ತಿದ್ದರು. ದಾಕ್ಷಿಣ್ಯ ಯಾರ ವಿಷಯದಲ್ಲೂ ಇಲ್ಲ. ಸ್ವಂತ ತಮ್ಮ ಸೊಲ್ಲಾಪುರದ ಗಿರಣಿ ಸೇರಲು ಹೊರಟಾಗ, ಬಸ್ಸೆಬ್ಬಿಸಿದ ಧೂಳು ಇಳಿಯುವ ಮೊದಲೇ ಗೆರೆ ಎಳೆದಿದ್ದರು.

ಇದು ನೆನಪಿದ್ದುದರಿಂದಲೇ ನನಗೆ ಭಯ. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡ ನನ್ನನ್ನು ಬೆಳೆಸಿದವರು ಮಾಮಾ, ಮಾಮಿ. ಕಾಲೇಜಿಗೆಂದು ಸೊಲ್ಲಾಪುರಕ್ಕೆ ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಹಾಸಿಗೆ ಇಲ್ಲೇ ಇತ್ತು. ಈಗ ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು, ಪತ್ರದ ಮೂಲಕ ಒಂದು ಕೋಣೆಯೂ ನಿಗದಿಯಾಗಿತ್ತು. ಮನಸ್ಸಿನಲ್ಲಿದ್ದುದನ್ನು ಆಡುವ ಅಭ್ಯಾಸ ನನಗಿಲ್ಲ. ನನ್ನ ಹೆಸರನ್ನು ಹೊಡೆಯಬೇಡಿ ಎಂದು ಹೇಗೆ ಕೇಳಲಿ?

ಹೊರಡುವ ಮುಂಜಾನೆ ಮಾಮಿ ನನ್ನ ಹಾಸಿಗೆಯನ್ನು ಗೋಣಿಚೀಲದಲ್ಲಿ ತುರುಕಿದರು. ಮಾಮಾ ಕಟ್ಟೆಯ ಮೇಲೆ ವಹಿ ತೆರೆದೇ ಕುಳಿತಿದ್ದರು.

“ಚೀಲದಾಗ ಏನದ?”

“ಜ್ವಾಳರಿ,” ಮಾಮಿ ಎಂದರು.

“ಜ್ವಾಳಕ್ಕ ತಲಿದಿಂಬು ಯಾವಾಗ ಬಂತ?”

ಚೀಲದ ಬಾಯಿಂದ ದಿಂಬಿನ ಮೂಲೆ ಇಣುಕುತ್ತಿತ್ತು. ಮಾಮಾ ಲೇಖನಿಯನ್ನು ಕೆಂಪು ಶಾಯಿಯಲ್ಲಿ ಅದ್ದಿದರು. ನಾನು ನೆಲ ನೋಡುತ್ತ ನಿಂತೆ. ಹಾಳೆ ತಿರುವುವ ಸದ್ದು ಬಹಳ ಹೊತ್ತು ಕೇಳಿತು. ಕತ್ತೆತ್ತಿದರೆ, ವಹಿ ಜನಸಂಖ್ಯೆಯಿಂದ ಹಿಂದೆ ಸರಿದು ಮೊದಲನೆಯ ಹಾಳೆಗೆ ಬಂದಿತ್ತು: ಭೂಗೋಳ. ‘ವಾಯವ್ಯದ ಗಡಿ: ಊರ ಅಗಸಿ’ ಎಂಬ ಸಾಲಿನ ಮೇಲೆ ಕೆಂಪು ಗೆರೆ ಬಿದ್ದಿತ್ತು. ಅದರ ಕೆಳಗೆ ಕರಿ ಶಾಯಿಯಲ್ಲಿ ಹೊಸದಾಗಿ: ‘ವಾಯವ್ಯದ ಗಡಿ: ಸೊಲ್ಲಾಪುರದಾಗ ನಮ್ಮ ಹುಡುಗಿಯ ಕೋಣೆ.’

“ದಿಲ್ಲಿಯವರು ಹೊಸಾ ರಾಜ್ಯಗಳ ಗಡಿ ಎಳಿಯಾಕತ್ತಾರ,” ಎಂದರು ಮಾಮಾ, ನನ್ನ ಕಡೆ ನೋಡದೆ. “ನಾ ಒಂದ ಎಳದ್ರ ಏನಾತು? ಕೋಣಿ ಬಾಗಲಾ ಯಾ ಕಡಿ ಐತಿ, ಹೇಳು. ತಪ್ಪು ಬರೀಬಾರದು.”

ಆ ಕೋಣೆಯನ್ನು ನಾನಿನ್ನೂ ನೋಡಿಯೇ ಇರಲಿಲ್ಲ.

“ನಮ್ಮೂರ ಕಡಿಗೆ, ಮಾಮಾ,” ಎಂದೆ.