ಕಂಪ್ಯೂಟರಿನೊಳಗಿನ ಬಾಂದುಕಲ್ಲು

ಚಿಕ್ಕಬೈರಪ್ಪ: ನಾಲ್ಕೇ ನಾಲ್ಕಡಿ ಕಣಯ್ಯ! ಆ ಬಾಂದುಕಲ್ಲು ಸ್ವಲ್ಪ ಆ ಕಡೆ ತಳ್ಳು ಅಂದ್ರೆ ನಿಂಗೇನು ಕಷ್ಟ?

ಗುರುಸಿದ್ದ: ಆಗಂಗಿಲ್ರೀ ಮಾಲಕ್ರ. ಇದು ಇದ್ದದ್ದು ಇದ್ದಂಗ ಇರಬೇಕಾದ ನಕ್ಷೆ.

ಚಿಕ್ಕಬೈರಪ್ಪ: ಕಂಪ್ಯೂಟರ್ ಕಲ್ಲು ಸರಿಸೋಕೆ ಗುದ್ದಲಿ ತರಬೇಕೇನು?

2003ರ ಡಿಸೆಂಬರಿನ ಒಂದು ಭಾನುವಾರ, ಬಿ.ಟಿ.ಎಂ. ಲೇಔಟಿನ ಮಹಡಿ ರೂಮು. ಬಾಡಿಗೆಗಿದ್ದ ಗದಗಿನ ಗುರುಸಿದ್ದ, ರೈಲು ಓಡಿಸುವ ಕಂಪ್ಯೂಟರ್ ಆಟಕ್ಕಾಗಿ ಮೈಸೂರು ದಾರಿಯ ನಕ್ಷೆ ಮಾಡುತ್ತಿದ್ದ. ಎಂಟು ತಿಂಗಳಿಂದ ರಜೆ ಸಿಕ್ಕಾಗಲೆಲ್ಲ ಹಳಿಯ ಪಕ್ಕ ನಡೆದು ಸಿಗ್ನಲ್ಲು, ಗೇಟು, ಮರಗಳನ್ನು ಬರೆದುಕೊಂಡು ಬಂದಿದ್ದ. ಸಂಪಿನಲ್ಲಿ ನೀರಿಲ್ಲ ಎಂದು ಹೇಳಲು ಮೇಲೆ ಬಂದ ಮನೆ ಮಾಲೀಕ ಚಿಕ್ಕಬೈರಪ್ಪನಿಗೆ ಪರದೆಯ ಮೇಲೆ ಕೆಂಗೇರಿ ಆಚೆಯ ತನ್ನ ಹೊಲವೇ ಕಂಡಿತು. ನೀರು ಮರೆತೇಹೋಯಿತು. ಪಕ್ಕದ ಹೊಲ ಹೆಂಡತಿಯ ತಮ್ಮ ಗಂಗಯ್ಯನದು. ಅವನು ಕಲ್ಲನ್ನು ನಾಲ್ಕಡಿ ಒತ್ತಿದನೆಂದು ಹನ್ನೆರಡು ವರ್ಷದಿಂದ ಇಬ್ಬರಿಗೂ ಮಾತಿಲ್ಲ.

ಗುರುಸಿದ್ದ: ಟೇಪ್ ಹಿಡಿದು ಅಳದೇನ್ರೀ. ಗೇಟಿನಿಂದ ಕಲ್ಲಿಗೆ ಅರವತ್ತೆರಡು ಅಡಿ.

ಚಿಕ್ಕಬೈರಪ್ಪ: ಅರವತ್ತಾರು! ನೀನು ಮೋಸದ ಕಲ್ಲು ಅಳೆದಿದೀಯ.

ಗುರುಸಿದ್ದ: ಕಲ್ಲಿನ ಮಾರಿ ಮ್ಯಾಲೆ ಹಂಗೇನೂ ಬರದಿರಲಿಲ್ರೀ.

ಚಿಕ್ಕಬೈರಪ್ಪ: ಈ ಆಟ ಯಾರ್ಯಾರು ಆಡ್ತಾರೆ?

ಗುರುಸಿದ್ದ: ಇಂಟರ್ನೆಟ್ಟಿನ್ಯಾಗ ಹಾಕ್ತೀನ್ರೀ. ಜಪಾನಿನವರೂ ಆಡ್ತಾರ.

ಚಿಕ್ಕಬೈರಪ್ಪ: ಜಪಾನ್‌ನೋರ ಮುಂದೆ ನನ್ನ ಮಾನ ತೆಗೀತೀಯಾ? ಕಲ್ಲು ಸರ್ಸು, ಇಲ್ಲಾಂದ್ರೆ ರೂಮ್ ಖಾಲಿ ಮಾಡು!

ಗುರುಸಿದ್ದ ಮೌಸ್ ಹಿಡಿದು ಕಲ್ಲು ಸರಿಸಿದ. ಉಪ್ಪಿಟ್ಟು ಹಿಡಿದು ಬಂದಿದ್ದ ಮಾಲೀಕನ ಹೆಂಡತಿ ಅಕ್ಕಯಮ್ಮ ಅದನ್ನು ನೋಡಿ, ತಟ್ಟೆ ಅಲ್ಲೇ ಇಟ್ಟು, ಕೆಳಗಿಳಿದು ತಮ್ಮನಿಗೆ ಫೋನ್ ಮಾಡಿದಳು. ಮುಕ್ಕಾಲು ಗಂಟೆಯಲ್ಲಿ ಉತ್ತರಹಳ್ಳಿಯಿಂದ ಗಂಗಯ್ಯ ಹಾಜರು.

ಗಂಗಯ್ಯ: ಎಲ್ಲಕ್ಕಾ, ನನ್ನ ಜಮೀನು ನುಂಗಿರೋ ಕಂಪ್ಯೂಟರ್ರು?

ಅಕ್ಕಯಮ್ಮ: ಮೊದ್ಲು ಹೆಲ್ಮೆಟ್ ತೆಗ್ಯೋ. ನೀನು ನೋಡ್ತಿರೋದು ಕಿಟಕಿ.

ಚಿಕ್ಕಬೈರಪ್ಪ: ಗುರುಸಿದ್ದ, ಅವನಿಗೆ ಹೇಳು, ನಮ್ಮನೇಗೆ ಯಾಕೆ ಬಂದ ಅಂತ.

ಗಂಗಯ್ಯ: ನಾನು ನಮ್ಮಕ್ಕನ ಮನೇಗೆ ಬಂದಿದೀನಿ ಅಂತ ಹೇಳಪ್ಪ. ಹಾಗೇ ಕಲ್ಲು ವಾಪಸ್ ಇಡು.

ಗುರುಸಿದ್ದ ವಾಪಸ್ ಇಟ್ಟ. ಮಾಲೀಕ ಗುಡುಗಿದ, ಗುರುಸಿದ್ದ ಮತ್ತೆ ಸರಿಸಿದ. ಗಂಗಯ್ಯ ಗುಡುಗಿದ, ಇವನು ಮತ್ತೆ ವಾಪಸ್ ಇಟ್ಟ. ಒಂಬತ್ತನೇ ಸಲಕ್ಕೆ ಮೌಸ್ ಜಾರಿ, ಕಲ್ಲು ಹೋಗಿ ಗೇಟ್‌ಮನ್ ಕೋಣೆಯ ತಾರಸಿಯ ಮೇಲೆ ಕೂತಿತು.

ಗಂಗಯ್ಯ: ತಡಿ, ಬದುವಿನ ಮೇಲೆ ಇದ್ಯಾವುದು ತೆಂಗಿನ ಮರ?

ಗುರುಸಿದ್ದ: ಅಲ್ಲಿ ಹುಣಸಿ ಗಿಡ ಇತ್ರೀ. ಈ ಆಟದಾಗ ಹುಣಸಿ ಇಲ್ಲ, ಅದಕ್ಕ ತೆಂಗು ನಿಲ್ಲಿಸೇನಿ.

ಗಂಗಯ್ಯ: ನಮ್ಮ ಹುಣಸೆಮರ ತೆಗ್ದುಬಿಟ್ಯಾ? ಭಾವ, ನೋಡಿದ್ರಾ! ನಾವಿಬ್ರೂ ಹತ್ತಿ ಬಿದ್ದ ಮರ!

ಚಿಕ್ಕಬೈರಪ್ಪ: ನೀನು ಬಿದ್ದೆ. ನಾನು ನಿನ್ನ ಮೇಲೆ ಬಿದ್ದೆ.

ಗಂಗಯ್ಯ: ಇನ್ನೂ ಸೊಂಟ ಹಿಡ್ಕೊಳುತ್ತೆ ಭಾವ.

ಮಾತಾಡಿಬಿಟ್ಟೆವೆಂದು ಇಬ್ಬರಿಗೂ ಆಮೇಲೆ ಹೊಳೆಯಿತು. ಚಿಕ್ಕಬೈರಪ್ಪ ಇದ್ದ ಒಂದೇ ಕುರ್ಚಿಯಿಂದ ಗುರುಸಿದ್ದನನ್ನು ಎಬ್ಬಿಸಿ, ಕುರ್ಚಿಯನ್ನು ಭಾಮೈದನ ಕಡೆ ತಳ್ಳಿದ.

ಚಿಕ್ಕಬೈರಪ್ಪ: ಕೂತ್ಕೊಳೋ. ಸೊಂಟ ನೋವು ಅಂತ ಒಂದು ಮಾತು ಹೇಳ್ಬಾರ್ದಿತ್ತಾ?

ಗಂಗಯ್ಯ: ನೀವು ಕೇಳ್ಬಾರ್ದಿತ್ತಾ?

ಅಕ್ಕಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ರೂಮು ಉಳಿಯಿತೆಂದು ಗುರುಸಿದ್ದನ ಕಣ್ಣೂ ಒದ್ದೆಯಾಯಿತು.

ಗುರುಸಿದ್ದ: ಹಂಗಾರ ಕಲ್ಲು ಎಲ್ಲಿಡಲ್ರೀ?

ಚಿಕ್ಕಬೈರಪ್ಪ: ಕಲ್ಲೇ ಬೇಡ, ತೆಗ್ದುಹಾಕು. ಇಬ್ರದ್ದೂ ಒಂದೇ ಹೊಲ.

ಗಂಗಯ್ಯ: ಭಾವ, ಈ ಹಳಿ ಸ್ವಲ್ಪ ನೋಡಿ. ನಮ್ಮ ಕಾಲದಲ್ಲಿ ಇಷ್ಟು ಈಚೆ ಇತ್ತಾ?

ಚಿಕ್ಕಬೈರಪ್ಪ: ಎಲ್ಲಿತ್ತು? ಎಂಟಡಿ ನಮ್ಮ ಹೊಲದೊಳಗೆ ಬಂದಿದೆ! ಗುರುಸಿದ್ದ, ಹಳಿ ಆ ಕಡೆ ಸರ್ಸು.

ಗುರುಸಿದ್ದ: ಇಲ್ಲಷ್ಟೇ ಸರಿಸಿದ್ರ ಗಾಡಿ ಉರುಳಿ ಬೀಳ್ತೈತ್ರೀ!

ಚಿಕ್ಕಬೈರಪ್ಪ: ಬೀಳ್ಲಿ ಬಿಡು. ಆದ್ರೆ ಆ ಕಡೆಗೆ ಬೀಳೋ ಹಂಗೆ ಮಾಡು. ಈ ಕಡೆ ಅವರೆ ಹೂ ಬಿಟ್ಟಿದೆ.