ಒಂದು ಒಲೆಗೆ ಒಂದು ಶೆಡ್ಡು

ಹೊಳೆ ಊರೊಳಗೆ ಬಂದರೆ ಮನೆ ಬೀಳುತ್ತದೆ. ಆಮೇಲೆ ಸರ್ಕಾರ ಬಂದಾಗ, ಬಿದ್ದದ್ದು ಬಿದ್ದಿದೆ ಎಂದು ತೋರಿಸಿಕೊಡಬೇಕಾಗುತ್ತದೆ. ಗ್ರಾಮಲೆಕ್ಕಿಗನಾಗಿದ್ದ ನಾನು ಈ ಎರಡನೆಯ ಫಜೀತಿಯನ್ನು ಬೇಕಾದಷ್ಟು ನೋಡಿದ್ದೇನೆ. ಎಪ್ಪತ್ತರ ದಶಕದಲ್ಲಿ, ಹೊನ್ನಾಳಿ ಕಡೆಯ ಒಂದು ಹೊಳೆದಂಡೆಯ ಊರು. ಮನೆ ಕಳೆದುಕೊಂಡವರೆಲ್ಲ ಶಾಲೆಯಲ್ಲಿದ್ದರು. ಪೂರ್ತಿ ಬಿದ್ದ ಮನೆಗೆ ಮಾತ್ರ ತಗಡಿನ ಶೆಡ್ಡು, ಅದೂ ಒಂದು ಒಲೆಗೆ ಒಂದೇ; ಬೇರೆ ಒಲೆ ಹಚ್ಚಿದರೆ ಬೇರೆ ಸಂಸಾರ ಎಂಬ ಲೆಕ್ಕ. ನೋಡಿ ತೀರ್ಮಾನಿಸಲು ರೆವಿನ್ಯೂ ಇನ್ಸ್‌ಪೆಕ್ಟರ್ ಸಾಹೇಬರು, ಅವರ ಹಿಂದೆ ನಾನು.

ನಿಂತ ಗೋಡೆ

ಒಬ್ಬ ಅಜ್ಜಿಯ ಮನೆಯಲ್ಲಿ ಮೂರು ಗೋಡೆ ಮಲಗಿದ್ದವು, ಒಂದು ನಿಂತಿತ್ತು.

"ಪೂರ್ತಿ ಬಿದ್ದಿಲ್ವಲ್ಲಮ್ಮ," ಎಂದರು ಸಾಹೇಬರು.

"ಹೌದ್ರೀ, ಗಟ್ಟಿ ಗೋಡೆ ಐತೆ. ಇವತ್ತು ನೀವು ಇದರ ಬುಡಕ್ಕೆ ಮಲಗ್ರಿ, ನಾನು ನಿಮ್ಮ ಜೀಪಿನಾಗೆ ಮಲಗ್ತೀನಿ."

ಸಾಹೇಬರು ಗೋಡೆಯನ್ನೊಮ್ಮೆ ನೋಡಿದರು. ಮೆಲ್ಲಗೆ ಹಿಂದೆ ಸರಿದು, "ಪೂರ್ತಿ ಬಿದ್ದಿದೆ, ಬರ್ಕೊಳ್ರಿ," ಎಂದರು.

ಎಮ್ಮೆಯ ಸಾಕ್ಷಿ

ಊರಿನ ಅನುಕೂಲಸ್ಥನೊಬ್ಬನ ಮನೆಗೆ ಏನೂ ಆಗಿರಲಿಲ್ಲ, ಬಿದ್ದದ್ದು ದನದ ಕೊಟ್ಟಿಗೆ. ಆಸೆಬುರುಕ! ಕೊಟ್ಟಿಗೆ ಸಾರಿಸಿ, ಉಳಿದ ಕಂಬಕ್ಕೆ ದೇವರ ಫೋಟೋ ನೇತುಹಾಕಿ, "ನಮ್ಮ ತಮ್ಮ ಇಲ್ಲೇ ಇದ್ದ ಸ್ವಾಮಿ," ಎಂದು ಕಣ್ಣೊರೆಸಿಕೊಂಡ.

ಸಾಹೇಬರ ಮನಸ್ಸು ಕರಗುತ್ತಿತ್ತು. ಅಷ್ಟರಲ್ಲಿ ಮೇಯಲು ಹೋಗಿದ್ದ ಎಮ್ಮೆ ಬಂತು. ನಮ್ಮಿಬ್ಬರನ್ನೂ ಬದಿಗೆ ತಳ್ಳಿ ಒಳಗೆ ಹೋಗಿ, ತನ್ನ ಗೂಟದ ಪಕ್ಕ ಮಲಗಿ ಮೆಲುಕು ಹಾಕತೊಡಗಿತು.

"ಇವರೇ ಏನ್ರೀ ನಿಮ್ಮ ತಮ್ಮ?" ಎಂದು ಕೇಳಿದರು ಸಾಹೇಬರು.

ಸಾರಿನ ಉಪ್ಪು

ಗೋಡೆಯ ಅಜ್ಜಿ ಅಷ್ಟಕ್ಕೇ ಗೆದ್ದಂತಾಗಲಿಲ್ಲ. ಆ ಮನೆಯಲ್ಲಿ ಅತ್ತೆಯಾದ ಅವಳದೊಂದು ಒಲೆ, ಸೊಸೆಯದೊಂದು, ದಿನಾ ಜಗಳ. ಸೊಸೆಗೆ ಮನೆ ತುಂಬ ಮಕ್ಕಳು. ಒಂದೇ ಶೆಡ್ಡು ಸಿಕ್ಕರೆ ಅರ್ಧ ಸಂಸಾರ ಮಳೆಯಲ್ಲಿ ಮಲಗಬೇಕು. ಆದರೆ ಆ ಒಲೆಗಳು ಹೊಳೆಯ ಪಾಲಾಗಿದ್ದವು. ಕಷ್ಟ ಬಂದು ಇಬ್ಬರೂ ಒಂದಾಗಿ, ಶಾಲೆಯ ಅಂಗಳದಲ್ಲಿ ಮೂರು ಕಲ್ಲಿಟ್ಟು ಒಂದೇ ಗಡಿಗೆಯಲ್ಲಿ ಸಾರು ಕುದಿಸುತ್ತಿದ್ದರು. ಸಾಹೇಬರು ಬಂದದ್ದೂ ಆಗಲೇ.

"ಒಂದೇ ಒಲೆ, ಒಂದೇ ಶೆಡ್ಡು," ಎಂದರು.

"ಇಲ್ರೀ, ನಾವು ಬ್ಯಾರೆ ಬ್ಯಾರೆ," ಎಂದಳು ಅತ್ತೆ.

"ಯಾವಾಗ್ಲೂ ಜಗಳಾನೇ ನಮ್ದು," ಎಂದಳು ಸೊಸೆ, ಅತ್ತೆಯ ಎಲೆಅಡಿಕೆ ಚೀಲಕ್ಕೆ ಕೈಹಾಕುತ್ತ.

 ಸಾಹೇಬರು ಆ ಮಕ್ಕಳ ಕಡೆ ಒಮ್ಮೆ ನೋಡಿ, ನಿಧಾನವಾಗಿ ಕೂತು, ಸಾರು ಕೇಳಿ ಕುಡಿದರು. ನನಗೂ ಒಂದು ಲೋಟ ಬಂತು.

"ಯಾರು ಮಾಡಿದ್ದು?"

"ನಾನ್ರೀ!" ಎಂದರು ಇಬ್ಬರೂ.

"ಉಪ್ಪು ಜಾಸ್ತಿ ಆಗಿದೆ."

"ಇವಳೇ ಹಾಕಿದ್ದು!"

"ಅತ್ತೇನೇ ಹಾಕಿದ್ದು!"

ಅಷ್ಟೇ ಸಾಕಾಯಿತು. ಮದುವೆಯಲ್ಲಿ ಬಡಿಸದ ಹೋಳಿಗೆಯಿಂದ ದೀಪಾವಳಿಗೆ ಕೊಡದ ಸೀರೆಯವರೆಗೆ ಎಲ್ಲ ಹೊರಬಂತು. ಶಾಲೆಗೆ ಶಾಲೆಯೇ ಸುತ್ತ ನೆರೆಯಿತು. ಆ ಗದ್ದಲದಲ್ಲೇ ಸಾಹೇಬರು ನನ್ನ ಕಿವಿಯಲ್ಲಿ, "ಎರಡು ಒಲೆ, ಎರಡು ಶೆಡ್ಡು. ಬೇಗ ಬರ್ಕೊಳ್ರಿ," ಎಂದರು.

"ಉಪ್ಪು ಸರಿಯಾಗೇ ಇತ್ತಲ್ಲ ಸಾರ್?" ಎಂದೆ ದಾರಿಯಲ್ಲಿ.

"ನನಗೂ ಗೊತ್ತು, ನಡೀರಿ," ಎಂದರು.

ಶೆಡ್ಡು ಹಾಕಿಸುವ ದಿನ ನಾನೇ ಹೋದೆ. ಇಬ್ಬರ ಮುಖದಲ್ಲೂ ಯುದ್ಧ ಗೆದ್ದ ಕಳೆ. ಬಾಗಿಲು ಯಾವ ಕಡೆ ಇಡಿಸಲಿ ಎಂದು ಕೇಳಿದೆ.

"ಎದುರುಬದುರಾಗಿ ಇಡಿಸ್ರಿ," ಎಂದಳು ಸೊಸೆ.

ಅತ್ತೆಯೂ ದನಿಗೂಡಿಸಿದಳು: "ಹೂನ್ರೀ. ಜಗಳ ಮಾಡಾಕೆ ಈ ಮಳೆಯಾಗೆ ಎದ್ದು ಹೋಗೋರು ಯಾರು?"