ಕೇಬಲ್ಲಿಗೆ ಅರಿಶಿನ

ಒಡವೆ ಸೀರೆಗಳ ಮೇಲೆ ಆಸೆಯಿಲ್ಲದ ಹೆಂಗಸು ನಾನೆಂದು ಕೊಚ್ಚಿಕೊಳ್ಳುವುದಿಲ್ಲ, ಧಾರಾಳವಾಗಿಯೇ ಇದೆ. ಆದರೆ ತಂಗಿಯರು ಬೀರುವಿನ ಯಾವ ಸೀರೆ ಕೇಳಿದರೂ ಕೊಟ್ಟೇನು, ನನ್ನ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲನ್ನು ಮಾತ್ರ ಯಾರಿಗೂ ಮುಟ್ಟಗೊಡುವುದಿಲ್ಲ. ಎರಡು ತಂತಿಗಳ ತುದಿಯನ್ನು ತಾಮ್ರದ ಪುಟ್ಟ ಕೊಳವೆಯೊಳಗೆ ಎದುರುಬದುರು ತೂರಿಸಿ, ಅಳತೆಗೆ ತಕ್ಕ ಅಚ್ಚು ಹಾಕಿ, ಟೂಲಿನ ಬಾಯಿಗಿಟ್ಟು ಹಿಡಿಯನ್ನು ಒತ್ತುತ್ತಾ ಹೋದರೆ, ಒಳಗಿನ ಎಣ್ಣೆಯ ಒತ್ತಡಕ್ಕೆ ಅವೆರಡೂ ಬಿಡಿಸಲಾರದಂತೆ ಕಚ್ಚಿಕೊಳ್ಳುತ್ತವೆ. ಬೆರಳು ಕೊಟ್ಟರೆ ಅದನ್ನೂ ಹಾಗೆಯೇ ಕಚ್ಚುತ್ತದೆ, ಭೇದವೆಣಿಸುವುದಿಲ್ಲ. ಕೊನೆಗೆ ತಂತಿಯನ್ನು ಜಗ್ಗಿ ನೋಡಬೇಕು. ಈ ಜಗ್ಗುವ ಚಟ ನನಗೆ ಎಷ್ಟು ಹತ್ತಿದೆಯೆಂದರೆ, ತಮ್ಮನ ಮದುವೆಯಲ್ಲಿ ತಾಳಿಯ ಗಂಟನ್ನೂ ಜಗ್ಗಿ ನೋಡಿ ಹೆಣ್ಣಿನ ಕಡೆಯವರ ಕೆಂಗಣ್ಣಿಗೆ ಗುರಿಯಾದವಳು ನಾನು.

ಶ್ರೀರಂಗಪಟ್ಟಣದಲ್ಲಿ ನನ್ನದು ಮೋಟಾರು ರಿಪೇರಿ ಅಂಗಡಿ. ಗಿರಾಕಿಗಳ ಕೆಲಸ ಸಲೀಸು, ನಂಟರ ಕೆಲಸವೆಂದರೆ ನಡುಕ. ಗಿರಾಕಿ ಕೈಕಟ್ಟಿ ನಿಂತು ನೋಡುತ್ತಾನೆ, ನಂಟರು ಕೈ ಹಾಕುತ್ತಾರೆ. ನಾಗಮಂಗಲದ ಹತ್ತಿರ ತೆಂಗಿನ ತೋಟದಲ್ಲಿರುವ ಸೋದರತ್ತೆ ಪುಟ್ಟಮ್ಮ ಹೋದ ತಿಂಗಳು ಫೋನು ಮಾಡಿದಳು. ಬೋರಿನ ಮೋಟಾರು ಮತ್ತೆ ನಿಂತಿತ್ತು. ಮೋಟಾರಿನದೇನೂ ತಪ್ಪಿಲ್ಲ, ಕೇಬಲ್ಲಿನ ಜಾಯಿಂಟು ಸುಟ್ಟಿತ್ತು. ಅದನ್ನು ಹಾಕಿದ್ದು ಅವಳ ಮಗ ಶಿವಣ್ಣ ಭಾವ. ತಂತಿಯ ಸಿಪ್ಪೆಯನ್ನು ಕಬ್ಬು ಸುಲಿದಂತೆ ಹಲ್ಲಿನಲ್ಲಿ ಸುಲಿದು, ಕೈಯಲ್ಲೇ ತಿರುಚಿ, ಮೇಲೆ ಟೇಪು ಸುತ್ತುವುದು ಅವನ ಪದ್ಧತಿ.

"ನೀನೇ ಬಂದು ಮಾಡ್ಕೊಡವ್ವ. ಮೇಲಕ್ಕೆತ್ತೋದು ಇಳ್ಸೋದು ಇದೇ ಆಗೋಯ್ತು. ಊರವ್ರು ನಗ್ತಾವ್ರೆ," ಎಂದಳು ಅತ್ತೆ.

ಒಪ್ಪಿಕೊಂಡೆನಾದರೂ ಸಲೀಸಿನ ಕೆಲಸವಲ್ಲ. ಪಾತಾಳಕ್ಕೆ ಇಳಿಯುವ ಜಾಯಿಂಟು ಅದು. ಒಮ್ಮೆ ಇಳಿದ ಮೇಲೆ ಕೆಟ್ಟರೆ ಅತ್ತೆಯ ತೋಟಕ್ಕೆ ನೀರಿಲ್ಲ, ನಂಟರ ನಡುವೆ ನನಗೆ ಮುಖವಿಲ್ಲ.

ನಾನು ತೋಟ ಮುಟ್ಟುವಷ್ಟರಲ್ಲಿ ಮೋಟಾರು ಎತ್ತಿ ಇಳಿಸುವ ಗಾಡಿಯ ಮುನೀರ್ ಭಾಯ್ ಆಗಲೇ ಬಂದು, ಮೋಟಾರನ್ನು ಮೇಲಕ್ಕೆತ್ತಿಟ್ಟು ಕಾಯುತ್ತಿದ್ದರು. ನಾನು ಮೊದಲು ಸ್ಟಾರ್ಟರಿನ ಫ್ಯೂಜು ಕಿತ್ತು ನನ್ನ ಚೀಲಕ್ಕೇ ಹಾಕಿಕೊಂಡೆ. "ಕರೆಂಟು ಬಂದದಾ ನೋಡಾಣ" ಎಂದು ಸ್ವಿಚ್ಚು ಒತ್ತುವ ಕೈ ಶಿವಣ್ಣ ಭಾವನದು. ಆಮೇಲೆ ಒಂದೊಂದೇ ತಂತಿ ಸುಲಿದು, ಒರೆಸಿ, ಒತ್ತಿ, ಜಗ್ಗಿ ನೋಡಿದೆ. ಮುತ್ತಿನಂಥ ಜಾಯಿಂಟುಗಳು! ಇನ್ನು ಶಾಖಕ್ಕೆ ಬಿಗಿದುಕೊಳ್ಳುವ ಸ್ಲೀವನ್ನು ಮೇಲೆ ಸರಿಸಿ ಕಾಯಿಸುವುದಷ್ಟೇ ಬಾಕಿ. ಗ್ಯಾಸ್ ಬರ್ನರ್ ತರಲು ಸ್ಕೂಟರಿನ ಹತ್ತಿರ ಹೋಗಿ ಬಂದೆ.

ಬಂದು ನೋಡಿದರೆ ಜಾಯಿಂಟುಗಳೆಲ್ಲ ಮದುವಣಗಿತ್ತಿಯರು! ನೀರಲ್ಲಿ ಕಲಸಿದ ಅರಿಶಿನ ಗಟ್ಟಿಯಾಗಿ ಮೆತ್ತಿದೆ, ಅದರ ಮೇಲೆ ಕುಂಕುಮ, ತುದಿಗೊಂದು ಸೇವಂತಿಗೆ. ಅತ್ತೆ ಕೈಮುಗಿದು ನಿಂತಿದ್ದಾಳೆ, ಭಾವ ಭಕ್ತಿಯಿಂದ ತಟ್ಟೆ ಹಿಡಿದಿದ್ದಾನೆ.

"ಅತ್ತೆ, ಇದೇನ್ ಮಾಡ್ಬುಟ್ಟೆ!"

"ಗಂಗಮ್ಮನ ತಾವ ಓಗೋದು ಕಣವ್ವ. ಬರಿಗೈಲಿ ಕಳುಸ್ತಾರಾ?"

ಒರೆಸಿದರೆ ಹೋಗುವಂಥದ್ದಲ್ಲ, ಎಳೆಎಳೆಯ ಸಂದಿಗೂ ಅರಿಶಿನದ ನೀರು ಇಳಿದಿತ್ತು. ಇದರ ಮೇಲೆ ಸ್ಲೀವ್ ಹಾಕಿದರೆ ತೇವ ಒಳಗೇ ಉಳಿದು ಜಾಯಿಂಟು ಮತ್ತೆ ಸುಡುತ್ತದೆ, ಕತ್ತರಿಸಿ ಹೊಸದಾಗಿ ಮಾಡಬೇಕು ಎಂದೆ. ಅತ್ತೆಯ ಮುಖ ಸಣ್ಣದಾಯಿತು. "ಪೂಜೆ ಮಾಡಿದ್ದನ್ನ ಕತ್ತರಿಸ್ತೀಯಾ? ಅಪಸಕುನ ಅಲ್ವಾ?" ಅವಳ ಕಣ್ಣಲ್ಲಿ ನೀರಾಡಿದ್ದು ಕಂಡು ನನಗೂ ಸಂಕಟವಾಯಿತು. ಹಾಗೆಂದು ಸುಮ್ಮನೆ ಇಳಿಸಿದರೆ ನಾನೇ ಕೈಯಾರೆ ಅವಳ ಮೋಟಾರು ಸುಟ್ಟಂತೆ. ಕಟ್ಟರ್ ಹಿಡಿದು ಕೂತೇ ಇದ್ದೆ, ಕತ್ತರಿಸಲು ಕೈ ಬರಲಿಲ್ಲ.

ಅತ್ತೆ ಬೋರಿನ ಬಾಯನ್ನೊಮ್ಮೆ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ಓಗ್ಲಿ ಬುಡು. ಈಗಾದದ್ದು ಅರಿಶಿನದ ಸಾಸ್ತ್ರ ಅಂದ್ಕೋ. ಇನ್ ಮೇಲೆ ಮಾಡೋದೇ ಮದ್ವೆ. ಕತ್ತರ್ಸು!" ಎಂದಳು. ನಾನಾಗಿದ್ದರೆ ದಿನವಿಡೀ ಯೋಚಿಸಿದ್ದರೂ ಅಂಥ ತೀರ್ಪು ಹೊಳೆಯುತ್ತಿರಲಿಲ್ಲ. ಹೊಸ ಕೊಳವೆಗಳನ್ನು ಹಾಕಿ ಒತ್ತಿದೆ, ಜಗ್ಗಿದೆ, ಸ್ಲೀವ್ ಕಾಯಿಸಿ ಬಿಗಿ ಮಾಡಿದೆ. ಅದು ಪೂರ್ತಿ ಆರಿದ ಮೇಲೆ, "ಈಗ ಹಚ್ಚು ಅತ್ತೆ, ಎಷ್ಟು ಬೇಕಾದರೂ ಹಚ್ಚು," ಎಂದೆ. ಕೇಬಲ್ಲಿಗೂ ಪೈಪಿಗೂ ಹಚ್ಚಿ ಮಿಕ್ಕಿದ್ದನ್ನು ಏನು ಮಾಡುವುದೆಂದು ಅವಳು ನೋಡುತ್ತಿದ್ದಾಗ ಮುನೀರ್ ಭಾಯ್, "ನಮ್ ಗಾಡಿಗೂ ಥೋಡಾ ಇಡಿ ಅಮ್ಮಾ, ಕೆಲ್ಸ ಮಾಡೋದು ಅದೂ ತಾನೇ," ಎಂದರು.

ಮೋಟಾರು ಇಳಿಯಿತು, ಫ್ಯೂಜು ಹಾಕಿದೆ. ಪೈಪು ಒಮ್ಮೆ ಕೆಮ್ಮಿ ಭರ್ರೆಂದು ನೀರು ಸುರಿಯಿತು. ಅತ್ತೆ ನನ್ನನ್ನೂ ಎಳೆದುಕೊಂಡು ಅದರಡಿ ನಿಂತಳು. ಸೀರೆ ತೊಪ್ಪೆಯಾದರೂ ಅಷ್ಟು ಸಂತೋಷ ನನಗೆ ಈಚೆಗೆ ಆದದ್ದಿಲ್ಲ.

ಹೆಸರು ಬಂತು, ನಿಜ. ಮುಂದಿನ ವಾರವೇ ಕೆ.ಆರ್. ಪೇಟೆಯ ನಂಟರಿಂದ ಫೋನು. "ನಮ್ ಬೋರಿಗೂ ಜಾಯಿಂಟ್ ಹಾಕ್ಬೇಕು ಕಣವ್ವ. ಬರೋವಾಗ ಪುಟ್ಟಮ್ಮತ್ತೇನೂ ಕರ್ಕೊಂಬಾ. ಅವರ ಕೈಗುಣ ಬಾಳ ಒಳ್ಳೇದಂತೆ!"

ನಾನು ಸಿಟ್ಟಾಗಬೇಕಿತ್ತು. ಅರ್ಧ ಗಂಟೆ ಆದೆ ಕೂಡ. ಆಮೇಲೆ ಫೋನೆತ್ತಿ, "ಅತ್ತೆ, ನಾಳೆ ಬಿಡುವಾಗಿದ್ದೀಯಾ?" ಎಂದು ಕೇಳಿದೆ.

"ಯಾಕವ್ವ, ನೀನೊಬ್ಳೇ ಮಾಡಕ್ಕೆ ಬರಕಿಲ್ವಾ?"

ಬರುತ್ತದೆ. ಆದರೂ ನೀರೊಳಗೆ ಇಳಿಯುವ ಕೆಲಸ ನೋಡಿ, ಸುರಕ್ಷತೆಯ ವಿಷಯದಲ್ಲಿ ನಾನು ಯಾವುದನ್ನೂ ಬಿಡುವವಳಲ್ಲ.